ಮೀಟರ್ ಮಿಣುಕು ಎಣಿಸಿದ ವರ್ಷ: ಮನೇಲಿ ಕರೆಂಟ್ ನಿಜವಾಗ್ಲೂ ಹೋಗೋದು ಎಲ್ಲಿಗೆ?

ಬಿಲ್ ಬೇಗುದಿ (ಏಪ್ರಿಲ್ 6)
ನಮಸ್ಕಾರ ಎಲ್ರಿಗೂ. ಮೂರು ತಿಂಗಳಿಂದ ನಮ್ಮನೇಲಿ ನಾನೇ ಲೈಟ್ ಪೊಲೀಸು. ಯಾರಾದ್ರೂ ರೂಮಿಂದ ಈಚೆ ಬಂದ್ರೆ ಹಿಂದೇನೇ ಹೋಗಿ ಸ್ವಿಚ್ ಆಫ್ ಮಾಡ್ತೀನಿ, ಚಾರ್ಜರ್ ಸಾಕೆಟ್ಟಲ್ಲೇ ಬಿಟ್ಟಿದ್ರೆ ಕೂಗಾಡ್ತೀನಿ, ಮಗಳಂತೂ ನನ್ನ ಚಪ್ಪಲಿ ಸದ್ದು ಕೇಳಿದ್ರೆ ಸಾಕು ಲೈಟ್ ಆರಿಸಿ ಕತ್ತಲಲ್ಲೇ ಕೂತಿರ್ತಾಳೆ. ಇಷ್ಟೆಲ್ಲಾ ಆದ್ಮೇಲೆ ಹೋದ ತಿಂಗಳು ಕಮ್ಮಿ ಆಗಿದ್ದು ಎಷ್ಟು ಯೂನಿಟ್ ಗೊತ್ತಾ? 4. ನಾಲ್ಕೇ ನಾಲ್ಕು. ದೊಡ್ಡ ಖರ್ಚಿಲ್ದೆ, ಗೋಡೆ ಒಡೀದೆ, ನಮ್ಮ ಕೈಯಲ್ಲೇ ಮಾಡ್ಕೊಳ್ಳೋ ಅಂಥದ್ದು, ಬೇಸಿಗೆ ಮಳೆ ಚಳಿ ಮೂರಕ್ಕೂ ಆಗೋ ಅಂಥದ್ದು ಏನಾದ್ರೂ ಇದ್ರೆ ಹೇಳ್ರಪ್ಪಾ. ಸೋಲಾರ್ ಹಾಕ್ಸಿ ಅನ್ಬೇಡಿ, ಅದು ನಂಗೂ ಗೊತ್ತು.

ಸೋಮಾರಿ ಸಿದ್ಧ (ಏಪ್ರಿಲ್ 6)
ಬಿಲ್ ಬಂದ ದಿನ ಅದನ್ನ ನೋಡ್ಬೇಡ ಗುರು, ತುಂಬಾ ಉಳಿಯುತ್ತೆ. ನಿದ್ದೆ.

ಲೆಕ್ಕದ ಮೇಷ್ಟ್ರು (ಏಪ್ರಿಲ್ 6)
ನಾಲ್ಕು ಯೂನಿಟ್ ಉಳಿದಿದ್ದೇ ಹೆಚ್ಚು. ಲೆಕ್ಕ ನೋಡಿ. 1000 ವಾಟ್ ಒಂದು ಗಂಟೆ ಉರಿದ್ರೆ ಒಂದು ಯೂನಿಟ್. ನಿಮ್ಮ ರೂಮಿನ 9 ವಾಟ್ ಎಲ್‌ಇಡಿ ಬಲ್ಬ್ ಒಂದು ಯೂನಿಟ್ ತಿನ್ನೋಕೆ ಹೆಚ್ಚುಕಮ್ಮಿ 111 ಗಂಟೆ ಬೇಕು. ಅದೇ 2000 ವಾಟ್ ಗೀಸರ್‌ಗೆ ಅರ್ಧ ಗಂಟೆ ಸಾಕು. ಇನ್ನು ಚಾರ್ಜರ್ ವಿಷ್ಯ, ಫೋನ್ ಸಿಗಿಸದೆ ಸುಮ್ನೆ ಸಾಕೆಟ್ಟಲ್ಲಿರೋ ಈಗಿನ ಕಾಲದ ಒಳ್ಳೇ ಚಾರ್ಜರ್ 0.1 ವಾಟ್ ಆಸುಪಾಸು ಎಳೆಯುತ್ತೆ. ವರ್ಷಕ್ಕೆ 8760 ಗಂಟೆ. ಗುಣಿಸಿ ನೋಡಿ, ವರ್ಷಪೂರ್ತಿ ಬಿಟ್ರೂ ಒಂದು ಯೂನಿಟ್ ತುಂಬಲ್ಲ. ಬಲ್ಬು ಚಾರ್ಜರ್ ಕಣ್ಣಿಗೆ ಕಾಣುತ್ತೆ ಅಂತ ಅವುಗಳ ಮೇಲೇ ನಮ್ಮ ಸಿಟ್ಟು. ಕರೆಂಟ್ ತಿನ್ನೋದು ಬಿಸಿ ಮಾಡೋ ವಸ್ತು, ತಣ್ಣಗೆ ಮಾಡೋ ವಸ್ತು, ಆಮೇಲೆ ಗಂಟೆಗಟ್ಟಲೆ ತಿರುಗೋ ಮೋಟರು. ಮೊದ್ಲು ಮಗಳ ಹತ್ರ ಸಾರಿ ಕೇಳಿ.

ಹಳೇ ವೈರ್‌ಮನ್ (ಏಪ್ರಿಲ್ 7)
ಮೇಷ್ಟ್ರು ಹೇಳಿದ್ದು ಸರಿ. ಆದ್ರೆ ಬೇಗುದಿಯವ್ರೇ, ಏನೂ ಬದಲಾಯಿಸೋಕೆ ಮುಂಚೆ ಒಂದು ರಾತ್ರಿ ಮೀಟರ್ ಮುಂದೆ ಕೂತ್ಕೊಳ್ಳಿ. ಈಗಿನ ಡಿಜಿಟಲ್ ಮೀಟರ್‌ಗಳಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕ್ತಾ ಇರುತ್ತೆ, ಅದರ ಪಕ್ಕದಲ್ಲೇ ಒಂದು ಯೂನಿಟ್‌ಗೆ ಎಷ್ಟು ಇಂಪಲ್ಸ್ ಅಂತ ಬರೆದಿರ್ತಾರೆ, 1600, 3200 ಹೀಗೆ. 3200 ಅಂತಿದ್ರೆ 3200 ಸಲ ಮಿಣುಕಿದಾಗ ಒಂದು ಯೂನಿಟ್ ಆಯ್ತು ಅಂತ. ಎರಡು ಮಿಣುಕಿನ ನಡುವೆ ಎಷ್ಟು ಸೆಕೆಂಡ್ ಅಂತ ಫೋನಲ್ಲಿ ಅಳೀರಿ, 1125ನ್ನ ಆ ಸೆಕೆಂಡಿಂದ ಭಾಗಿಸಿ, ಬಂದಿದ್ದು ಆ ಕ್ಷಣಕ್ಕೆ ನಿಮ್ಮನೆ ಎಳೀತಿರೋ ವಾಟ್. 1600 ಇದ್ರೆ 1125 ಬದಲು 2250. ಎಲ್ರೂ ಮಲಗಿದ್ಮೇಲೆ ಫ್ಯಾನು ಲೈಟು ಫ್ರಿಜ್ಜು ಎಲ್ಲಾ ಸ್ವಿಚ್ಚಲ್ಲೇ ಆಫ್ ಮಾಡಿ ಹೋಗಿ ನೋಡಿ. ಮೀಟರ್ ಬಾಕ್ಸ್ ಗಾಜಿನಾಚೆಯಿಂದ ನೋಡಿದ್ರೆ ಸಾಕು, ಒಳಗೆ ಕೈ ಹಾಕ್ಬೇಡಿ, ಸೀಲ್ ಮುಟ್ಬೇಡಿ. ನಲವತ್ತು ವರ್ಷ ಆ ಕೆಲಸ ಮಾಡಿದೋನು ನಾನು, ನಂಗೂ ಭಯ ಹೋಗಿಲ್ಲ.

ಬಿಲ್ ಬೇಗುದಿ (ಏಪ್ರಿಲ್ 9)
ಸರ್ ನೀವು ಹೇಳಿದಂಗೆ ಮಾಡ್ದೆ, ನಮ್ಮದು 3200ರದ್ದು. ರಾತ್ರಿ ಹನ್ನೊಂದೂವರೆಗೆ ಲುಂಗಿ ಕಟ್ಕೊಂಡು ಸ್ಟೂಲ್ ಹಾಕ್ಕೊಂಡು ಕೂತೆ, ಪಕ್ಕದ ಮನೆಯವ್ರು ಏನಾದ್ರೂ ಕಳ್ಕೊಂಡ್ರಾ ಅಂತ ಬೇರೆ ಕೇಳಿದ್ರು. ಮನೇಲಿ ಏನೂ ಓಡ್ತಿಲ್ಲ, ಆದ್ರೂ 13 ಸೆಕೆಂಡಿಗೊಂದು ಮಿಣುಕು! ಅಂದ್ರೆ 86 ವಾಟ್! ಮೇಷ್ಟ್ರೇ ಲೆಕ್ಕ ಸರೀನಾ?

ಒಂದೊಂದೇ ಪ್ಲಗ್ ಕಿತ್ತು ಓಡೋಡಿ ಬಂದು ನೋಡ್ದೆ. ಟಿವಿ ಮತ್ತೆ ಸೆಟ್‌ಟಾಪ್ ಬಾಕ್ಸ್ ಕಿತ್ತಾಗ 16 ಸೆಕೆಂಡ್ ಆಯ್ತು. ಕಪಾಟಿನ ಹಿಂದೆ ನಮ್ಮಪ್ಪನ ಕಾಲದ ಸ್ಟೀರಿಯೋ ಇದೆ, ಯಾರೂ ಕೇಳದೆ ಎಷ್ಟು ವರ್ಷ ಆಯ್ತೋ, ಅದನ್ನ ಕಿತ್ತೆ, 23ಕ್ಕೆ ಹೋಯ್ತು. ಕೈ ಇಟ್ಟು ನೋಡಿದ್ರೆ ಅದರ ಬೆನ್ನು ಬೆಚ್ಚಗಿತ್ತು ಸರ್, ಬೆಕ್ಕು ಮಲಗಿ ಎದ್ದಂಗೆ. ಆಮೇಲೆ ಕಂಪ್ಯೂಟರ್ ಪ್ರಿಂಟರ್ ಸ್ಪೀಕರ್ ಇರೋ ಎಕ್ಸ್‌ಟೆನ್ಷನ್ ಬೋರ್ಡ್ ಕಿತ್ತೆ, 33. ಪುಡಿ ಅಡಾಪ್ಟರ್‌ಗಳೆಲ್ಲಾ ಸೇರಿ 41. ಉಳಿದಿದ್ದು ರೌಟರ್ ಮತ್ತೆ ಯುಪಿಎಸ್, ಅವು ಬೇಕೇ ಬೇಕು.

ಲೆಕ್ಕದ ಮೇಷ್ಟ್ರು (ಏಪ್ರಿಲ್ 9)
ಲೆಕ್ಕ ಸರಿ ಇದೆ. 86 ವಾಟ್ ಹಗಲೂ ರಾತ್ರಿ ಹೋದ್ರೆ ತಿಂಗಳಿಗೆ 62 ಯೂನಿಟ್. 41 ಸೆಕೆಂಡ್ ಅಂದ್ರೆ 27 ವಾಟ್, ಅದು ತಿಂಗಳಿಗೆ 20ರೊಳಗೆ. ಒಂದೇ ರಾತ್ರೀಲಿ 40ಕ್ಕೂ ಹೆಚ್ಚು ಯೂನಿಟ್ ಹಿಡಿದ್ರಿ ಅಂತಾಯ್ತು, ಖರ್ಚು ಸೊನ್ನೆ.

ಬಿಲ್ ಬೇಗುದಿ (ಏಪ್ರಿಲ್ 10)
ಸೊನ್ನೆ ಅಲ್ಲ ಮೇಷ್ಟ್ರೇ. ಆ ಖುಷೀಲಿ ಫ್ರಿಜ್ ವಾಪಸ್ ಆನ್ ಮಾಡೋದೇ ಮರೆತು ಮಲಗ್ಬಿಟ್ಟೆ. ಬೆಳಗ್ಗೆ ಫ್ರೀಜರಿನ ಐಸೆಲ್ಲಾ ಕರಗಿ ಅಡುಗೆಮನೆ ಕೆರೆ ಆಗಿತ್ತು. ಮನೆಯವಳು ಇನ್ನೂ ಮಾತಾಡ್ತಿಲ್ಲ. ಮುಂದೆ ಯಾರಾದ್ರೂ ಈ ಟೆಸ್ಟ್ ಮಾಡೋರು ಫ್ರಿಜ್ ಸ್ವಿಚ್ ಮೇಲೆ ಒಂದು ಚೀಟಿ ಅಂಟಿಸ್ಕೊಳ್ಳಿ.

ಸೋಮಾರಿ ಸಿದ್ಧ (ಏಪ್ರಿಲ್ 10)
ನೆಲ ಒರೆಸೋ ಕೆಲಸ ಉಳೀತು ಬಿಡು, ನೀರಂತೂ ರೆಡಿ ಇತ್ತು.

ಕಿಟಕಿ ಪಕ್ಕ (ಏಪ್ರಿಲ್ 14)
ನಾನು ಬಾಡಿಗೆ ಮನೇಲಿರೋಳು, ಮೊಳೆ ಹೊಡೆಯೋಕೂ ಓನರ್‌ನ ಕೇಳಬೇಕು, ಹಂಗಾಗಿ ನನ್ನ ಐಡಿಯಾಗಳೆಲ್ಲಾ ಹಗ್ಗ ಮತ್ತು ಕ್ಲಿಪ್ಪಲ್ಲೇ. ನಮ್ಮ ಬೆಡ್‌ರೂಮ್ ಕಿಟಕಿ ಪಶ್ಚಿಮಕ್ಕಿದೆ, ಮಧ್ಯಾಹ್ನ ಮೂರರ ಮೇಲೆ ಕಾದ ಹಂಚು. ದಪ್ಪ ಕರ್ಟನ್ ಹಾಕಿದ್ದೆ, ಏನೂ ಪ್ರಯೋಜನ ಇಲ್ಲ, ಕರ್ಟನ್ನೇ ಕಾದು ಹೀಟರ್ ಆಗಿತ್ತು. ಆಮೇಲೆ ಗೊತ್ತಾಯ್ತು, ಬಿಸಿಲು ಗಾಜು ದಾಟಿ ಒಳಗೆ ಬಂದ್ಮೇಲೆ ಅದನ್ನ ತಡೆದು ಏನುಪಯೋಗ, ಶಾಖ ಆಗ್ಲೇ ರೂಮೊಳಗೆ ಬಂತಲ್ಲಾ. ತಡೀಬೇಕಾದ್ದು ಗಾಜಿನ ಆಚೆ. ಗಿಡಗಳಿಗೆ ಕಟ್ತಾರಲ್ಲ ಹಸಿರು ನೆರಳುಬಲೆ, ಅದನ್ನ ಕಿಟಕಿ ಹೊರಗೆ ಗ್ರಿಲ್ಲಿಗೆ ಕಟ್ಟಿದೆ, ಗಾಜಿಗೂ ಬಲೆಗೂ ಮಧ್ಯೆ ಒಂದು ಗೇಣು ಬಿಟ್ಟು, ಆ ಸಂದಿಲಿ ಗಾಳಿ ಆಡಬೇಕು. ಅದೇ ಸಂಜೆ ವ್ಯತ್ಯಾಸ ಗೊತ್ತಾಯ್ತು, ಗೋಡೆಗೆ ಬೆನ್ನು ಕೊಟ್ಟು ಕೂರೋ ಹಂಗಾಯ್ತು.

ಇನ್ನೊಂದು. ಹಗಲಲ್ಲಿ ಕಿಟಕಿ ತೆಗೆದು ರಾತ್ರಿ ಮುಚ್ಚೋದು ನಮ್ಮ ಅಭ್ಯಾಸ, ಬೇಸಿಗೇಲಿ ಅದು ಉಲ್ಟಾ. ಹೊರಗಿನ ಗಾಳಿ ಒಳಗಿಂತ ಬಿಸಿ ಇರೋ ಹೊತ್ತಲ್ಲಿ ಕಿಟಕಿ ತೆಗೆದ್ರೆ ಬಿಸೀನ ಮನೆಗೆ ಕರೆದಂಗೆ. ರಾತ್ರಿ ಹೊರಗೆ ತಣ್ಣಗಾದ್ಮೇಲೆ ಎದುರುಬದುರು ಎರಡು ಕಿಟಕಿ ತೆಗೀರಿ, ಒಂದರಲ್ಲಿ ಟೇಬಲ್ ಫ್ಯಾನ್ ಹೊರಗೆ ಮುಖ ಮಾಡಿಟ್ಟು ಬಿಸಿ ಗಾಳಿನ ಆಚೆ ತಳ್ಳಿ, ಇನ್ನೊಂದರಿಂದ ತಣ್ಣಗಿನದು ತಾನೇ ಬರುತ್ತೆ. ಬೆಳಗ್ಗೆ ಬಿಸಿಲೇರೋ ಮುಂಚೆ ಎಲ್ಲಾ ಮುಚ್ಚಿ. ಸೊಳ್ಳೆ ಪರದೆ ಇರ್ಲಿ.

ತಿರುಪು ಮುರುಕ (ಏಪ್ರಿಲ್ 15)
ಅಕ್ಕಾರ ಹೇಳಿದ್ದು ಖರೇ ಐತ್ರಿ. ನಮ್ಮದು ಮ್ಯಾಲಿನ ಮನಿ, ಆರ್‌ಸಿಸಿ ಚಾವಣಿ, ರಾತ್ರಿ ಹತ್ತಾದ್ರೂ ಮ್ಯಾಲಿಂದ ಕಾವು ಇಳೀತಿತ್ತು. ಹೋದ ವರ್ಷ ನಾನ ಚಾವಣಿ ತೊಳದು ಬಿಳಿ ಸುಣ್ಣ ಎರಡು ಕೋಟ್ ಹೊಡದೆ. ಬಿಳಿ ಬಣ್ಣ ಬಿಸಲನ್ನ ವಾಪಸ್ ಎಸೀತೈತಿ, ಕರೇ ಚಾವಣಿ ಕುಡೀತೈತಿ, ಇಷ್ಟ ಅದರ ಗುಟ್ಟು. ಮಳಿಗೆ ತೊಳದು ಹೋಗತೈತ್ರಿ, ವರ್ಷಾ ಹೊಡೀಬೇಕು, ಅದಕ್ಕ ಬ್ಯಾಸರ ಇಲ್ಲಂದ್ರ ಮಾಡ್ರಿ. ಹೊಡಿಯೋ ಮುಂದ ಕಪ್ಪು ಕನ್ನಡಕ ಹಾಕ್ಕೋರಿ, ಕಣ್ಣು ಕುಕ್ಕತೈತಿ.

ಫ್ಯಾನಿಂದೂ ಒಂದ್ ಮಾತು. ಹಳೇ ಸೀಲಿಂಗ್ ಫ್ಯಾನ್ 75 ವಾಟ್ ತಿಂತೈತಿ, ಕಮ್ಮಿ ಕರೆಂಟ್ ತಿನ್ನೋ ಹೊಸ ನಮೂನಿ ಮೋಟರಿನ ಬಿಎಲ್‌ಡಿಸಿ ಫ್ಯಾನ್ ಫುಲ್ ಸ್ಪೀಡಿನ್ಯಾಗ 30 ಆಜೂಬಾಜೂ. ದಿನಾ 12 ತಾಸು ತಿರುಗೋ ಫ್ಯಾನ್ ಇದ್ರ ಅಷ್ಟರಾಗ ತಿಂಗಳಿಗೆ 16 ಯೂನಿಟ್. ಎಲ್ಲಾ ಫ್ಯಾನ್ ಒಮ್ಮೆ ಬದಲಸ್ಬ್ಯಾಡ್ರಿ, ಹಗಲೂ ರಾತ್ರಿ ಯಾವದು ತಿರುಗತೈತೋ ಅದೊಂದನ್ನ ಬದಲಸ್ರಿ, ಅತಿಥಿ ರೂಮಿಂದು ಹಂಗ ಇರಲಿ.

ಲೆಕ್ಕದ ಮೇಷ್ಟ್ರು (ಏಪ್ರಿಲ್ 15)
ಮುಖ್ಯವಾದ ಮಾತು, ಫ್ಯಾನ್ ಗಾಳಿನ ತಣ್ಣಗೆ ಮಾಡಲ್ಲ, ಮೈ ಬೆವರನ್ನ ಆರಿಸಿ ಮೈನ ತಣ್ಣಗೆ ಮಾಡುತ್ತೆ ಅಷ್ಟೇ. ಯಾರೂ ಇಲ್ಲದ ರೂಮಲ್ಲಿ ತಿರುಗೋ ಫ್ಯಾನ್ ತನ್ನ ಮೋಟರ್ ಶಾಖವನ್ನ ಆ ರೂಮಿಗೇ ಸೇರಿಸ್ತಾ ಇರುತ್ತೆ. ಎಸಿ ಇರೋರು ಫ್ಯಾನ್ ಜೊತೆಗೆ 26ರಲ್ಲಿ ಇಟ್ಟು ನೋಡಿ. ಒಂದೊಂದು ಡಿಗ್ರಿ ಏರಿಸಿದಂಗೂ ಸುಮಾರು 6 ಪರ್ಸೆಂಟ್ ಉಳಿಯುತ್ತೆ ಅಂತ ಸಾಮಾನ್ಯ ಲೆಕ್ಕ. 16ಕ್ಕೆ ಒತ್ತಿದ್ರೆ ಬೇಗ ತಣ್ಣಗಾಗುತ್ತೆ ಅನ್ನೋದು ಬಹಳ ಜನರ ಭ್ರಮೆ, ಮಾಮೂಲಿ ಎಸಿ ತಣಿಸೋ ವೇಗ ಅದೇ, 16ರ ವರೆಗೂ ನಿಲ್ಲಲ್ಲ ಅಷ್ಟೇ. ಫಿಲ್ಟರ್‌ನ ಎರಡು ವಾರಕ್ಕೊಮ್ಮೆ ನಲ್ಲಿ ಕೆಳಗೆ ತೊಳೆದು ನೆರಳಲ್ಲಿ ಒಣಗಿಸಿ.

ಹೊಸ ಸ್ವಿಚ್ಚು (ಮೇ 2)
ಇಲ್ಲಿ ಹೊಸಬ ನಾನು. ಸಾಕೆಟ್ಟಿಗೆ ಸಿಗಿಸಿದ್ರೆ ಬಿಲ್ ಅರ್ಧ ಆಗುತ್ತೆ ಅಂತ ಒಂದು ಸಣ್ಣ ಡಬ್ಬಿ ಮಾರ್ತಾರಲ್ಲ, ಯಾರಾದ್ರೂ ತಗೊಂಡಿದೀರಾ?

ಹಳೇ ವೈರ್‌ಮನ್ (ಮೇ 2)
ತಗೋಬೇಡಪ್ಪಾ. ನಾನು ಎರಡು ಮೂರು ಬಿಚ್ಚಿ ನೋಡಿದೀನಿ, ಒಳಗೆ ಒಂದು ಕೆಪಾಸಿಟರ್ರು, ಒಂದು ಹಸಿರು ದೀಪ, ಅಷ್ಟೇ. ಕೆಪಾಸಿಟರ್ ಪವರ್ ಫ್ಯಾಕ್ಟರ್ (ಎಳೆದ ಕರೆಂಟಲ್ಲಿ ನಿಜವಾಗಿ ಕೆಲಸಕ್ಕೆ ಬರೋ ಪಾಲು) ಸರಿ ಮಾಡುತ್ತೆ ಅನ್ನೋದೇನೋ ನಿಜ, ಫ್ಯಾಕ್ಟರಿಗಳಲ್ಲಿ ಅದಕ್ಕೆ ಕೆಲಸ ಇದೆ. ಆದ್ರೆ ಮನೆ ಮೀಟರ್ ಯೂನಿಟ್ ಲೆಕ್ಕ ಹಾಕೋದು ನಿಜವಾಗಿ ಖರ್ಚಾದ ಶಕ್ತೀನ ಮಾತ್ರ, ಪವರ್ ಫ್ಯಾಕ್ಟರ್ ಸುಧಾರಿಸಿದ್ರೂ ಆ ಅಂಕಿ ಅಲ್ಲಾಡಲ್ಲ. ಆ ಹಸಿರು ದೀಪಕ್ಕೆ ಮಾತ್ರ ನಿಮ್ಮನೆ ಕರೆಂಟೇ ಬೇಕು.

ಹೊಸ ಸ್ವಿಚ್ಚು (ಮೇ 2)
ಸರ್ ಆಗ್ಲೇ ಆರ್ಡರ್ ಮಾಡ್ಬಿಟ್ಟಿದೀನಿ 😐

ಸೋಮಾರಿ ಸಿದ್ಧ (ಮೇ 2)
ನೈಟ್ ಲ್ಯಾಂಪ್ ಮಾಡ್ಕೋ.

ಮೇಲಿನ ಟ್ಯಾಂಕು (ಜುಲೈ 11)
ಎರಡು ತಿಂಗಳಾದ್ಮೇಲೆ ಬರೀತಿದೀನಿ, ಯಾರಾದ್ರೂ ಇನ್ನೂ ಓದ್ತಿದ್ರೆ. ನಮ್ಮನೇಲಿ ಎಸಿ ಇಲ್ಲ, ಗೀಸರ್ ಕಮ್ಮಿ, ಆದ್ರೂ ಯೂನಿಟ್ ಏರ್ತಾನೇ ಇತ್ತು. ಮೀಟರ್ ಮಿಣುಕು ನೋಡಿದಾಗ ಗೊತ್ತಾಯ್ತು, ಮೋಟರ್ ದಿನಕ್ಕೆ ಮೂರು ಸಲ ಓಡ್ತಿದೆ. ಒಂದು ಎಚ್‌ಪಿ ಅಂದ್ರೆ 746 ವಾಟ್, ಪಂಪಿನ ನಷ್ಟ ಎಲ್ಲಾ ಸೇರಿ ಒಂದು ಗಂಟೆ ಓಡಿದ್ರೆ ಒಂದು ಯೂನಿಟ್ ಗ್ಯಾರಂಟಿ. ಇಷ್ಟು ನೀರು ಎಲ್ಲಿಗೆ ಹೋಗ್ತಿದೆ? ನಲ್ಲಿ ಯಾವುದೂ ಸೋರ್ತಿಲ್ಲ. ಕೊನೆಗೆ ಒಬ್ಬರು ಹೇಳಿದ್ರು ಅಂತ ಫ್ಲಶ್ ಟ್ಯಾಂಕ್ ಒಳಗೆ ಮಗನ ಪೇಂಟಿಂಗ್ ಬಾಕ್ಸಿಂದ ಸ್ವಲ್ಪ ನೀಲಿ ಬಣ್ಣ ಕಲಸಿ ಹಾಕಿ ಅರ್ಧ ಗಂಟೆ ಯಾರೂ ಫ್ಲಶ್ ಮಾಡ್ಬೇಡಿ ಅಂದೆ. ಹೋಗಿ ನೋಡಿದ್ರೆ ಕಮೋಡ್ ತುಂಬಾ ತೆಳು ನೀಲಿ. ಕೆಳಗಿನ ರಬ್ಬರ್ ವಾಶರ್ ಗಟ್ಟಿಯಾಗಿ ಒಂದು ಕಡೆ ಸೀಳಿತ್ತು, ದಾರದೆಳೆ ಅಷ್ಟು ನೀರು, ಸದ್ದೇ ಇಲ್ಲ, ಹಗಲೂ ರಾತ್ರಿ. ವಾಶರ್ ಬದಲಾಯಿಸಿದೆ, ಈಗ ಮೋಟರ್ ದಿನಕ್ಕೊಂದೇ ಸಲ. ನೀರು ಉಳಿಸಿ ಅಂತ ಎಷ್ಟೋ ಸಲ ಕೇಳಿದ್ದೆ, ಅದು ಕರೆಂಟ್ ಬಿಲ್ ಅಂತ ಹೊಳೆದೇ ಇರ್ಲಿಲ್ಲ.

ಕಿಟಕಿ ಪಕ್ಕ (ಜುಲೈ 12)
ಓದ್ತಿದೀವಿ ಓದ್ತಿದೀವಿ. ಮಳೆಗಾಲದ ನಂದೂ ಒಂದು ಸೇರಿಸ್ಕೊಳ್ಳಿ, ಬಟ್ಟೆ. ವಾಷಿಂಗ್ ಮಷೀನ್ ತಿನ್ನೋ ಕರೆಂಟಲ್ಲಿ ದೊಡ್ಡ ಪಾಲು ಡ್ರಮ್ ತಿರುಗಿಸೋಕಲ್ಲ, ನೀರು ಕಾಯಿಸೋಕೆ. ಬಿಸಿನೀರಿನ ಪ್ರೋಗ್ರಾಂ ಬಿಟ್ಟು ತಣ್ಣೀರಲ್ಲೇ ಒಗೀರಿ, ಜಿಡ್ಡಿನ ಬಟ್ಟೆಗೆ ಮಾತ್ರ ಬಿಸಿ. ಕೊನೆಯ ಸ್ಪಿನ್ ಮಾತ್ರ ಜಾಸ್ತಿ ಸ್ಪೀಡಲ್ಲಿಡಿ. ನೀರನ್ನ ಹಿಂಡಿ ತೆಗೆಯೋಕೆ ಬೇಕಾಗೋ ಕರೆಂಟ್ ಅದನ್ನ ಶಾಖ ಕೊಟ್ಟು ಆರಿಸೋದರ ಮುಂದೆ ಏನೇನೂ ಅಲ್ಲ. ಆಮೇಲೆ ಸ್ಟ್ಯಾಂಡ್ ಮೇಲೆ ಒತ್ತೊತ್ತಾಗಿ ಹಾಕದೆ ಮಧ್ಯೆ ಜಾಗ ಬಿಟ್ಟು, ಫ್ಯಾನ್ ಕೆಳಗೆ, ಕಿಟಕಿ ಸ್ವಲ್ಪ ತೆಗೆದು. ಕಿಟಕಿ ಪೂರ್ತಿ ಮುಚ್ಚಿದ್ರೆ ಆ ತೇವ ಎಲ್ಲಾ ಗೋಡೆಗೆ ಹತ್ತಿ ಬೂಸ್ಟು, ಅದರ ಕತೆ ಬೇರೇನೇ ಬರೀಬೇಕು.

ತಿರುಪು ಮುರುಕ (ಜುಲೈ 12)
ಫ್ರಿಜ್ಜಿನ ಬಾಗಲಿಗೆ ಒಂದು ಕಾಗದ ಸಿಗಿಸಿ ಮುಚ್ಚಿ ಎಳೀರಿ. ಬಿಗಿಯಾಗಿದ್ರ ಚಲೋ, ಸರಕ್ಕಂತ ಬಂತಂದ್ರ ಅಲ್ಲಿ ರಬ್ಬರ್ ಸಡಲ ಆಗೈತಿ, ತಂಪು ಹೊರಗ ಹೊಂಟೈತಿ. ಬಾಗಲಾ ಸುತ್ತೂ ನೋಡ್ರಿ, ಕೀಲಿನ ಕಡೀನೂ. ನಮ್ಮದು ಕೆಳಗಿನ ಮೂಲ್ಯಾಗ ಸಡಲಿತ್ತು. ಸೋಪಿನ ನೀರಿಲೆ ರಬ್ಬರ್ ಮಡಿಕಿ ಒಳಗಿನ ಕೊಳಿ ತಗದು, ಬಿಸಿನೀರಾಗ ಅದ್ದಿದ ಅರಬಿ ಒತ್ತಿ ಹಿಡದು ಮೆತ್ತಗ ಮಾಡಿ, ಬಾಗಲಾ ಹಾಕಿ ಟೇಪ್ ಹಚ್ಚಿ ರಾತ್ರಿ ಬಿಟ್ಟೆ. ಮುಂಜಾನೆ ಕಾಗದ ಹರೀತು, ಬರಲಿಲ್ಲ. ಹಿಂದಿನ ಕಾಯಿಲ್ ಮ್ಯಾಲ ಧೂಳು ಕುಂತಿದ್ರ ಪ್ಲಗ್ ತಗದು ಬ್ರಶ್ಲೆ ಉಜ್ಜರಿ, ಗ್ವಾಡಿಗೆ ಅಂಟಿಸಿ ಇಡಬ್ಯಾಡ್ರಿ, ಫ್ರಿಜ್ ತನ್ನ ಒಳಗಿನ ಬಿಸಿ ಹಿಂದಿಂದ ಉಗಳತೈತಿ, ಅದಕ್ಕ ಜಾಗಾ ಬೇಕು. ಫ್ರಾಸ್ಟ್ ಕಟ್ಟೋ ಫ್ರೀಜರ್ ಇದ್ರ ಅರ್ಧ ಸೆಂಟಿಮೀಟರ್ ದಾಟೋಮುಂದ ಕರಗಸ್ರಿ. ಚಾಕೂಲೆ ಕೆತ್ತಬ್ಯಾಡ್ರಿ. ಯಾಕ್ ಹೇಳಾಕತ್ತೇನಿ ಅಂತ ಕೇಳಬ್ಯಾಡ್ರಿ.

ಬಿಲ್ ಬೇಗುದಿ (ಜುಲೈ 12)
ಅಣ್ಣಾ, ಯಾಕೆ ಹೇಳ್ತಿದೀರಾ?

ತಿರುಪು ಮುರುಕ (ಜುಲೈ 12)
ಗ್ಯಾಸ್ ಹೋತ್ರಿ. ಚಾಕು ತೂತ ಕೆಡವಿತ್ತು. ಫ್ರಿಜ್ಜೂ ಹೋತು.

ಮಂಜಿನ ಮನೆ (ನವೆಂಬರ್ 20)
ಚಳಿ ಊರಲ್ಲಿರೋರ ಪರವಾಗಿ ಒಂದು. ನಮಗೆ ವರ್ಷದಲ್ಲಿ ಅರ್ಧ ಹೀಟರ್ ಕಾಲ. ರೂಮ್ ಹೀಟರ್ 2000 ವಾಟ್, ಅದರ ಮುಂದೆ ಇಲ್ಲಿ ಹೇಳಿರೋ ಸ್ಟ್ಯಾಂಡ್‌ಬೈ, ಅಂದ್ರೆ ಸುಮ್ನೆ ಪ್ಲಗ್ಗಲ್ಲಿದ್ದೇ ಎಳೆಯೋ ಕರೆಂಟ್, ಎಲ್ಲಾ ಹುಡುಗಾಟ. ಇಲ್ಲಿ ಉಳಿಸೋದು ಅಂದ್ರೆ ಸಂದಿ ಮುಚ್ಚೋದು. ಗಾಳಿ ಜೋರಾಗಿರೋ ದಿನ ಫ್ಯಾನೆಲ್ಲಾ ಆಫ್ ಮಾಡಿ ಊದುಬತ್ತಿ ಹಚ್ಚಿ ಬಾಗಿಲು ಕಿಟಕಿ ಚೌಕಟ್ಟಿನ ಸುತ್ತ ನಿಧಾನಕ್ಕೆ ಆಡಿಸಿ, ಹೊಗೆ ನೆಟ್ಟಗೆ ಏರ್ತಾ ಇದ್ದದ್ದು ಎಲ್ಲಿ ಬಳುಕುತ್ತೋ ಅಲ್ಲಿ ಸಂದಿ ಇದೆ. ಕರ್ಟನ್‌ಗೆ ತಾಗಿಸ್ಬೇಡಿ. ಕಿಟಕಿಗೆ ಅಂಟಿಸೋ ಫೋಮ್ ಪಟ್ಟಿ ಸಾಕು. ಬಾಗಿಲ ಕೆಳಗಿನ ಸಂದಿಗೆ ನಾನು ಹಳೇ ಜೀನ್ಸ್ ಕಾಲು ಕತ್ತರಿಸಿ ಒಳಗೆ ಹಳೇ ಬಟ್ಟೆ ತುರುಕಿ ಎರಡೂ ಕಡೆ ಕಟ್ಟಿ ಹಾವಿನ ಥರ ಅಡ್ಡ ಇಟ್ಟಿದೀನಿ, ನೋಡೋಕೆ ಭಯಂಕರ, ಆದ್ರೆ ಕಾಲಿಗೆ ಹೊಡೀತಿದ್ದ ತಣ್ಣನೆ ಗಾಳಿ ನಿಂತಿದೆ. ಒಂಟಿ ಗಾಜಿನ ಕಿಟಕಿಗೆ ಪಾರ್ಸೆಲ್ ಜೊತೆ ಬರೋ ಗುಳ್ಳೆ ಪ್ಲಾಸ್ಟಿಕ್ಕನ್ನ ಗಾಜಿಗೆ ನೀರು ಚಿಮುಕಿಸಿ ಅಂಟಿಸಿ, ಗುಳ್ಳೆ ಒಳಗೆ ಸಿಕ್ಕಿಬಿದ್ದಿರೋ ಗಾಳೀನೇ ಕಂಬಳಿ.

ಹಳೇ ವೈರ್‌ಮನ್ (ನವೆಂಬರ್ 20)
ಇಲ್ಲಿ ನಾನು ಸ್ವಲ್ಪ ಜೋರಾಗೇ ಹೇಳ್ತೀನಿ, ಬೇಜಾರಾಗ್ಬೇಡಿ. ಕರೆಂಟ್ ಹೀಟರ್ ಇರೋ ರೂಮಿಗೆ ಇದೆಲ್ಲಾ ಸರಿ. ಗ್ಯಾಸ್ ಗೀಸರ್, ಗ್ಯಾಸ್ ಹೀಟರ್, ಇದ್ದಿಲು, ಸೌದೆ, ಇಂಥದ್ದು ಯಾವುದಾದ್ರೂ ಉರಿಯೋ ರೂಮಿನ ಸಂದಿ ಯಾವತ್ತೂ ಮುಚ್ಬೇಡಿ. ಗಾಳಿ ಸಾಲದೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ತಲೆನೋವು ಮಂಪರು ಅಂತ ಮಲಗಿದೋರು ಏಳಲ್ಲ. ಬಾತ್‌ರೂಮಿನ ಗ್ಯಾಸ್ ಗೀಸರ್ ಇರೋರು ಮೇಲಿನ ವೆಂಟಿಲೇಟರ್‌ಗೆ ರಟ್ಟು ಅಂಟಿಸಿರೋದನ್ನ ನನ್ನ ಕಣ್ಣಾರೆ ನೋಡಿದೀನಿ. ಕಿತ್ತು ಹಾಕಿಸಿದೆ.

ಮಂಜಿನ ಮನೆ (ನವೆಂಬರ್ 20)
ಸರ್, ಬರೀಬೇಕಿತ್ತು ನಾನು, ತಪ್ಪಾಯ್ತು. ನಮ್ಮಲ್ಲಿ ಆ ವಿಷಗಾಳಿ ಬಂದ್ರೆ ಕೂಗೋ ಅಲಾರಂ ಇದೆ, ಹಂಗಾಗಿ ತಲೆಗೆ ಬರ್ಲಿಲ್ಲ.

ಬಿಲ್ ಬೇಗುದಿ (ನವೆಂಬರ್ 23)
ಗೀಸರ್ ಬಗ್ಗೆ ನಮ್ಮನೇಲಿ ಜಗಳ. ಪದೇಪದೇ ಆನ್ ಆಫ್ ಮಾಡಿದ್ರೆ ಜಾಸ್ತಿ ಎಳೆಯುತ್ತೆ, ಬೆಳಗ್ಗೆಯಿಂದ ರಾತ್ರಿವರೆಗೂ ಆನ್ ಇರ್ಲಿ ಅಂತ ನಮ್ಮ ಭಾವ. ಹೌದಾ?

ಲೆಕ್ಕದ ಮೇಷ್ಟ್ರು (ನವೆಂಬರ್ 23)
ನಿಮ್ಮ ಭಾವನಿಗೆ ಬಿಸಿನೀರಿನ ಫ್ಲಾಸ್ಕ್ ತೋರಿಸಿ. ಎಷ್ಟೇ ಒಳ್ಳೇದಾದ್ರೂ ನಿಧಾನಕ್ಕೆ ಆರುತ್ತಲ್ವಾ? ಟ್ಯಾಂಕ್ ಎಷ್ಟು ಹೊತ್ತು ಬಿಸಿಯಾಗಿರುತ್ತೋ ಅಷ್ಟು ಹೊತ್ತು ಶಾಖ ಹೊರಗೆ ಹೋಗ್ತಾ ಇರುತ್ತೆ, ಅದನ್ನ ತುಂಬೋಕೆ ಗೀಸರ್ ಆಗಾಗ ಉರೀತಾನೇ ಇರುತ್ತೆ. ಬೇಕಾದಾಗ ಆನ್ ಮಾಡೋದೇ ಲಾಭ. 50 ಲೀಟರ್ ನೀರನ್ನ 25 ಡಿಗ್ರಿಯಿಂದ 60ಕ್ಕೆ ತರೋಕೆ ಎರಡು ಯೂನಿಟ್ ಬೇಕು, ಅಂದ್ರೆ 2000 ವಾಟ್ ಗೀಸರ್‌ಗೆ ಒಂದು ಗಂಟೆ. ಅದೇ 15 ಲೀಟರ್ ಬಕೆಟ್ 20 ಡಿಗ್ರಿ ಏರೋಕೆ ಮೂರನೇ ಒಂದು ಯೂನಿಟ್ ಸಾಕು. ಹಾಗಾಗಿ ಒಬ್ಬರು ಸ್ನಾನಕ್ಕೆ 50 ಲೀಟರ್ ಕಾಯಿಸಿ ಉಳಿದಿದ್ದನ್ನ ಆರೋಕೆ ಬಿಡ್ಬೇಡಿ, ಎಲ್ರೂ ಬೆನ್ನುಬೆನ್ನಿಗೆ ಮುಗಿಸಿ. ಬಿಸಿನೀರಿನ ಪೈಪ್ ಗೋಡೆ ಹೊರಗಿದ್ರೆ ಫೋಮ್ ಕೊಳವೆ ಸುತ್ತಿ.

ಕಿಟಕಿ ಪಕ್ಕ (ನವೆಂಬರ್ 24)
ಮೇಷ್ಟ್ರೇ, ಹಂಗಾದ್ರೆ ಥರ್ಮೋಸ್ಟಾಟನ್ನ 40ಕ್ಕೇ ಇಳಿಸಿಬಿಡ್ಲಾ? ಹೆಂಗೂ ತಣ್ಣೀರು ಬೆರೆಸೇ ಸ್ನಾನ ಮಾಡೋದು.

ಲೆಕ್ಕದ ಮೇಷ್ಟ್ರು (ನವೆಂಬರ್ 24)
ಬೇಡಮ್ಮಾ. ಉಗುರುಬೆಚ್ಚಗಿನ ನೀರು ಟ್ಯಾಂಕಲ್ಲಿ ದಿನಗಟ್ಟಲೆ ನಿಂತ್ರೆ ಲೀಜಿಯೊನೆಲ್ಲಾ ಅಂತ ಬ್ಯಾಕ್ಟೀರಿಯಾ ಬೆಳೆಯುತ್ತೆ, ಅದು ಶವರ್ ಹನಿ ಜೊತೆ ಶ್ವಾಸಕೋಶಕ್ಕೆ ಹೋದ್ರೆ ನ್ಯುಮೋನಿಯಾ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ‘ಅಮೆರಿಕನ್ ಲೀಜನ್’ ಅನ್ನೋ ಮಾಜಿ ಸೈನಿಕರ ಸಂಘದ ಸಮಾವೇಶಕ್ಕೆ ಬಂದೋರಿಗೆ ಹರಡಿತ್ತು, ಅದರಿಂದ್ಲೇ ಅದಕ್ಕೆ ಆ ಹೆಸರು ಬಂದಿದ್ದು. ಟ್ಯಾಂಕಲ್ಲಿ ನೀರು ಶೇಖರಿಸೋ ಗೀಸರ್ 60ರಲ್ಲೇ ಇರ್ಲಿ. ಉಳಿಸೋದು ಸಮಯದಲ್ಲಿ ಉಳಿಸಿ, ಡಿಗ್ರಿಲಿ ಬೇಡ.

ಸೋಮಾರಿ ಸಿದ್ಧ (ನವೆಂಬರ್ 24)
ಅಂದ್ರೆ ಸ್ನಾನಾನೇ ಮಾಡ್ದಿದ್ರೆ ಕರೆಂಟೂ ಉಳಿಯುತ್ತೆ ಆರೋಗ್ಯಾನೂ ಉಳಿಯುತ್ತೆ. ನಾನು ಮುಂಚಿಂದ್ಲೂ ಹೇಳ್ತಿದೀನಿ.

ಬಿಲ್ ಬೇಗುದಿ (ಫೆಬ್ರವರಿ 17)
ವರದಿ ಒಪ್ಪಿಸ್ತೀನಿ. ಸ್ಟೀರಿಯೋ ಪ್ಲಗ್ ಕಿತ್ತಿದ್ದು ಕಿತ್ತ ಹಾಗೇ ಇದೆ. ಟಿವಿ ಕಂಪ್ಯೂಟರ್ ಎರಡಕ್ಕೂ ಸ್ವಿಚ್ ಇರೋ ಬೋರ್ಡ್ ಹಾಕಿದೀನಿ, ಮಲಗೋ ಮುಂಚೆ ಒಂದೇ ಸಲ ಟಕ್. ಹಾಲ್ ಫ್ಯಾನ್ ಬದಲಾಯಿಸಿದೆ, ಪಶ್ಚಿಮದ ಕಿಟಕಿಗೆ ಬಲೆ ಕಟ್ಟಿದೆ, ಫ್ರಿಜ್ ರಬ್ಬರ್ ಸರಿ ಮಾಡ್ದೆ, ಗೀಸರ್ ಬೆಳಗ್ಗೆ ಒಂದೇ ಹೊತ್ತು. ಡಿಸೆಂಬರ್ ಬಿಲ್ಲನ್ನ ಹಿಂದಿನ ಡಿಸೆಂಬರ್ ಜೊತೆ ಇಟ್ಟು ನೋಡಿದ್ರೆ 71 ಯೂನಿಟ್ ಕಮ್ಮಿ. ಲೈಟ್ ವಿಷ್ಯಕ್ಕೆ ಈಗ ಯಾರನ್ನೂ ಬೈಯಲ್ಲ.

ಆದ್ರೆ ಸರ್, ಒಂದು ಸಮಸ್ಯೆ. ನಿನ್ನೆ ರಾತ್ರಿ ಎರಡು ಗಂಟೆಗೆ ಎಚ್ಚರ ಆಯ್ತು, ಸುಮ್ನೆ ಮೀಟರ್ ನೋಡ್ಕೊಂಡು ಬರೋಣ ಅಂತ ಹೋದೆ. ಫ್ಯಾನ್ ಇನ್ನೂ ಶುರುವಾಗಿಲ್ಲ, ಎಲ್ಲಾ ಆಫ್, ಫ್ರಿಜ್ ಮಾತ್ರ ಆನ್. ಫ್ರಿಜ್ ಓಡುವಾಗ 7-8 ಸೆಕೆಂಡಿಗೊಂದು ಮಿಣುಕು ಇರುತ್ತೆ, ನಂಗೆ ಬಾಯಿಪಾಠ. ನಿನ್ನೆ 4 ಸೆಕೆಂಡ್! ಫ್ರಿಜ್ ಹತ್ರ ಹೋಗಿ ಕಿವಿ ಇಟ್ರೆ ಮೋಟರ್ ಸದ್ದೇ ಇಲ್ಲ. ಇಪ್ಪತ್ತು ನಿಮಿಷ ಹಿಂಗೇ ಇತ್ತು, ಆಮೇಲೆ ತಾನಾಗೇ ನಿಂತು 41ಕ್ಕೆ ಬಂತು. ವೈರಿಂಗ್ ಲೀಕಾ ಸರ್? ಯಾರಾದ್ರೂ ನಮ್ಮ ಲೈನಿಂದ ಎಳ್ಕೊಂಡಿದಾರಾ?

ಹಳೇ ವೈರ್‌ಮನ್ (ಫೆಬ್ರವರಿ 17)
ಯಾರೂ ಎಳ್ಕೊಂಡಿಲ್ಲ. ನಿಮ್ಮದು ಫ್ರಾಸ್ಟ್ ಫ್ರೀ ಫ್ರಿಜ್ ಅಲ್ವಾ? ಒಳಗಿನ ಕಾಯಿಲ್ ಮೇಲೆ ಕಟ್ಟೋ ಐಸ್ ಕರಗಿಸೋಕೆ ಅದರಲ್ಲಿ ಒಂದು ಸಣ್ಣ ಹೀಟರ್ ಇರುತ್ತೆ, ಆಗಾಗ ಕಂಪ್ರೆಸರ್ ನಿಲ್ಲಿಸಿ ಅದು ಸ್ವಲ್ಪ ಹೊತ್ತು ಉರಿಯುತ್ತೆ, ಆಮೇಲೆ ತಾನೇ ಆಫ್ ಆಗುತ್ತೆ. 4 ಸೆಕೆಂಡ್ ಅಂದ್ರೆ 281 ವಾಟ್, ನಿಮ್ಮ 27 ಕಳೆದ್ರೆ 250 ಚಿಲ್ಲರೆ, ಸರಿ ಹೋಯ್ತು. ಅದಿಲ್ದಿದ್ರೆ ತಿರುಪು ಮುರುಕನ ಥರ ಚಾಕು ತಗೋಬೇಕಾಗುತ್ತೆ. ದಯವಿಟ್ಟು ಅದನ್ನ ಆಫ್ ಮಾಡೋಕೆ ಹೋಗ್ಬೇಡಿ, ರಾತ್ರಿ ಎರಡು ಗಂಟೆಗೆ ಮೀಟರ್ ನೋಡೋಕೂ ಹೋಗ್ಬೇಡಿ.

ಬಿಲ್ ಬೇಗುದಿ (ಫೆಬ್ರವರಿ 17)
ಸರಿ ಸರ್. ಮಲ್ಕೋತೀನಿ.